ಲಗಾಮು ಹಿಡಿದ ಸೂರ್ಯ: ರೋಮಿನ ಚಾವಣಿಯ ಮೇಲಿರುವವನು ಅಪೋಲೊನೋ, ಹೀಲಿಯೋಸನೋ?

ಪ್ರಶ್ನೆ: ರೋಮ್ ನಗರದ ಅರಮನೆಯೊಂದರಲ್ಲಿ ಗ್ವಿಡೊ ರೇನಿ ಎಂಬ ಕಲಾವಿದ ಬರೆದ ಚಾವಣಿಯ ಚಿತ್ರವನ್ನು ನೋಡಿದೆವು. ನಾಲ್ಕು ಕುದುರೆಗಳ ರಥದಲ್ಲಿ ಹೊಂಗೂದಲಿನ ಯುವಕನೊಬ್ಬ, ಅವನ ಸುತ್ತ ಕೈಕೈ ಹಿಡಿದು ಬರುವ ಹೆಂಗಳೆಯರು, ಎಲ್ಲರಿಗಿಂತ ಮುಂದೆ ಹೂ ಹಿಡಿದು ಹಾರುತ್ತಿರುವ ಇನ್ನೊಬ್ಬಳು. ಮಾರ್ಗದರ್ಶಕರು ಆ ಯುವಕನನ್ನು ಅಪೋಲೊ ಎಂದರು. ಆದರೆ ಗ್ರೀಕರ ಸೂರ್ಯನ ಹೆಸರು ಹೀಲಿಯೋಸ್ ಎಂದು ನಾನು ಓದಿದ್ದೆ. ಇವರಿಬ್ಬರೂ ಒಬ್ಬನೇ ದೇವರೇ? ಕಲಾಕೃತಿಗಳಲ್ಲಿ ಇವರನ್ನು ಗುರುತಿಸುವುದು ಹೇಗೆ? ನಮ್ಮ ಸೂರ್ಯನಿಗೆ ಏಳು ಕುದುರೆ, ಅವರ ಸೂರ್ಯನಿಗೆ ನಾಲ್ಕು. ಎರಡರ ನಡುವೆ ಏನಾದರೂ ಸಂಬಂಧವುಂಟೆ?

ಉತ್ತರ: ಮಾರ್ಗದರ್ಶಕರು ಹೇಳಿದ್ದೂ ತಪ್ಪಲ್ಲ, ನೀವು ಓದಿದ್ದೂ ತಪ್ಪಲ್ಲ. ಗ್ರೀಕರ ಹಳೆಯ ಕಾವ್ಯ ಮತ್ತು ಶಿಲ್ಪಗಳಲ್ಲಿ ಅಪೋಲೊ ಬೇರೆ, ಹೀಲಿಯೋಸ್ ಬೇರೆ. ನೀವು ನೋಡಿದ ಚಿತ್ರ ರಚನೆಯಾದ 1614ರ ವೇಳೆಗೆ ಇಬ್ಬರೂ ಒಂದಾಗಿ ಶತಮಾನಗಳೇ ಕಳೆದಿದ್ದವು; ರೇನಿಯಾಗಲಿ ಅವನಿಗೆ ಆ ಕೆಲಸ ವಹಿಸಿದ ಕಾರ್ಡಿನಲ್ ಶಿಪಿಯೋನೆ ಬೊರ್ಗೇಸೆಯಾಗಲಿ ಅವರನ್ನು ಬೇರ್ಪಡಿಸಿ ನೋಡುತ್ತಿರಲಿಲ್ಲ. ಹೀಗಾಗಿ ಇವನು ಯಾರು ಎಂಬ ಪ್ರಶ್ನೆಗೆ ಯಾವ ಕಾಲದ ಕೃತಿ ಎಂಬುದನ್ನು ಬಿಟ್ಟು ಉತ್ತರ ಹೇಳಲಾಗದು. ಗುರುತಿಸುವ ಬಗೆಯನ್ನು ಕೇಳಿದ್ದೀರಿ. ಮುಖ, ಕೂದಲು, ಯೌವನ ಇವು ಮೂವತ್ತು ದೇವತೆಗಳಿಗೆ ಸಾಮಾನ್ಯವಾದವು. ಅವನ್ನು ನಂಬಿದರೆ ದಾರಿ ತಪ್ಪುತ್ತದೆ. ನನ್ನ ಅನುಭವದಲ್ಲಿ ನಂಬತಕ್ಕದ್ದು ಕೈಗಳು. ಆ ದೇವರ ಕೈಯಲ್ಲಿ ಏನಿದೆ, ಆ ಕೈ ಏನು ಮಾಡುತ್ತಿದೆ ಎಂಬುದನ್ನು ಮೊದಲು ನೋಡಿ.

ಹೋಮರನ ಮಹಾಕಾವ್ಯಗಳಲ್ಲಿ ಅಪೋಲೊನ ಕೈಯಲ್ಲಿರುವುದು ಬಿಲ್ಲು. ‘ಇಲಿಯಡ್’ ಆರಂಭವಾಗುವುದೇ ಅವನ ಕೋಪದ ಬಾಣಗಳಿಂದ ಗ್ರೀಕರ ಪಾಳೆಯದಲ್ಲಿ ಸಾಂಕ್ರಾಮಿಕ ಹಬ್ಬುವುದರೊಂದಿಗೆ. ಅವನು ಸಂಗೀತದ ದೇವರು, ಡೆಲ್ಫಿಯಲ್ಲಿ ಭವಿಷ್ಯ ನುಡಿಸುವವನು, ರೋಗವನ್ನು ತರುವವನೂ ಕಳೆಯುವವನೂ ಹೌದು. ಆದರೆ ಹಗಲಿನ ಬೆಳಕನ್ನು ಹೊತ್ತು ತರುವ ಕೆಲಸ ಅವನದಲ್ಲ. ಆ ಕೆಲಸ ಹೀಲಿಯೋಸನದು. ‘ಒಡಿಸ್ಸಿ’ಯಲ್ಲಿ ಒಂದು ದ್ವೀಪದಲ್ಲಿ ಅವನ ದನಗಳು ಮೇಯುತ್ತಿರುತ್ತವೆ; ಅವುಗಳನ್ನು ಕೊಂದು ತಿಂದ ತಪ್ಪಿಗೆ ಒಡಿಸಿಯಸನ ಸಂಗಡಿಗರೆಲ್ಲ ಕಡಲಲ್ಲಿ ಮುಳುಗಿ ಸಾಯುತ್ತಾರೆ. ಮೇಲಿನಿಂದ ಎಲ್ಲವನ್ನೂ ಕಾಣುವವನಾದ್ದರಿಂದ ಅವನು ದೇವಲೋಕದ ಸಾಕ್ಷಿಯೂ ಹೌದು. ಶಿಲ್ಪದಲ್ಲೂ ಇದೇ ವ್ಯತ್ಯಾಸ ಕಾಣುತ್ತದೆ. ಒಲಿಂಪಿಯಾದಲ್ಲಿ ದೇವತೆಗಳ ಅರಸ ಜ್ಯೂಸ್‌ನ ದೇವಾಲಯದ ಪಶ್ಚಿಮ ಮುಖದ ನಡುವೆ, ಅರೆಕುದುರೆ ಅರೆಮನುಷ್ಯರ ಕಾದಾಟದ ಮಧ್ಯೆ, ಕ್ರಿ.ಪೂ. 5ನೇ ಶತಮಾನದ ಅಪೋಲೊ ಬಲಗೈಯನ್ನು ಚಾಚಿ ನೆಟ್ಟಗೆ ನಿಂತಿದ್ದಾನೆ. ಅವನ ತಲೆಯ ಸುತ್ತ ಕಿರಣವಿಲ್ಲ, ಕೈಯಲ್ಲಿ ಲಗಾಮಿಲ್ಲ. ಸೂರ್ಯನನ್ನು ನೆನಪಿಗೆ ತರುವ ಒಂದು ಗುರುತೂ ಅಲ್ಲಿಲ್ಲ.

ಹೀಲಿಯೋಸನ ಕೈಯಲ್ಲಿ ಲಗಾಮು ಇರುತ್ತದೆ. ಗ್ರೀಕರ ಸೂರ್ಯ ದುಡಿಯುವ ದೇವರು. ತನ್ನ ರಥವನ್ನು ತಾನೇ ಹೊಡೆಯುತ್ತಾನೆ. ಕ್ರಿ.ಪೂ. 7ನೇ ಶತಮಾನದ ಕವಿ ಮಿಮ್ನೆರ್ಮಸ್ ಒಂದು ಕವಿತೆಯಲ್ಲಿ ಸೂರ್ಯನ ಪಾಲಿಗೆ ಬಂದಿರುವುದು ಬಿಡುವಿಲ್ಲದ ದುಡಿಮೆ, ಅವನಿಗೂ ಅವನ ಕುದುರೆಗಳಿಗೂ ವಿಶ್ರಾಂತಿಯೆಂಬುದೇ ಇಲ್ಲ ಎಂಬರ್ಥದ ಮಾತು ಹೇಳಿ, ಸಂಜೆ ಪಶ್ಚಿಮಕ್ಕೆ ಬಂದವನು ಮತ್ತೆ ಪೂರ್ವವನ್ನು ಸೇರುವ ಬಗೆಯನ್ನೂ ವಿವರಿಸುತ್ತಾನೆ: ಚಿನ್ನದ ದೊಡ್ಡ ಬಟ್ಟಲೊಂದರಲ್ಲಿ ಮಲಗಿ, ಭೂಮಿಯನ್ನು ಸುತ್ತುವರಿದ ಮಹಾಸಾಗರದ ಮೇಲೆ ತೇಲುತ್ತ ಹೋಗುತ್ತಾನೆ. ಈ ಬಟ್ಟಲನ್ನು ಒಮ್ಮೆ ಗ್ರೀಕರ ಮಹಾವೀರ ಹೆರಾಕ್ಲಿಸ್ ಎರವಲು ಪಡೆದ ಕಥೆಯುಂಟು. ವ್ಯಾಟಿಕನ್ ಸಂಗ್ರಹಾಲಯದಲ್ಲಿರುವ, ಕ್ರಿ.ಪೂ. 480ರ ಸುಮಾರಿನ ಮದ್ಯದ ಬಟ್ಟಲೊಂದರ ಒಳತಳದಲ್ಲಿ ಆ ಚಿತ್ರವಿದೆ. ದೊಡ್ಡ ಹಂಡೆಯಂಥ ಪಾತ್ರೆಯೊಳಗೆ ಗದೆ ಹಿಡಿದ ಹೆರಾಕ್ಲಿಸ್ ಕುಳಿತಿದ್ದಾನೆ, ಕೆಳಗೆ ಅಲೆಗಳು. ಕುಡಿಯುವವನು ದ್ರಾಕ್ಷಾರಸವನ್ನು ಹೀರಿದಂತೆಲ್ಲ ಬಟ್ಟಲಿನ ತಳದಿಂದ ಇನ್ನೊಂದು ಬಟ್ಟಲು ಮೇಲೆದ್ದು ಬರುವ ಆ ಏರ್ಪಾಟನ್ನು ಯೋಚಿಸಿದಾಗ, ಹೆಸರಿಲ್ಲದ ಆ ಕುಶಲಕರ್ಮಿಯ ಬಗ್ಗೆ ನನಗೆ ತುಂಬ ಗೌರವ ಮೂಡುತ್ತದೆ.

ಹೀಲಿಯೋಸನ ಅತ್ಯುತ್ತಮ ಶಿಲ್ಪ ಯಾವುದು ಎಂದು ಕೇಳಿದರೆ ನಾನು ತಲೆಯೇ ಉಳಿಯದ ಒಂದು ಶಿಲ್ಪವನ್ನು ತೋರಿಸುತ್ತೇನೆ. ಅಥೆನ್ಸ್‌ನ ಪಾರ್ಥೆನಾನ್ ದೇವಾಲಯದ ಪೂರ್ವ ಮುಖದಲ್ಲಿ, ಚಾವಣಿಯ ಇಳಿಜಾರುಗಳ ನಡುವಿನ ತ್ರಿಕೋನದೊಳಗೆ, ಅಥೀನಾ ದೇವಿಯ ಜನನವನ್ನು ಕ್ರಿ.ಪೂ. 438ರಿಂದ 432ರ ನಡುವೆ ಕಡೆದು ನಿಲ್ಲಿಸಿದ್ದರು. ತ್ರಿಕೋನದ ಎರಡು ಮೂಲೆಗಳು ಶಿಲ್ಪಿಗೆ ಸದಾ ತಲೆನೋವು. ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಮಲಗಿದ ಅಥವಾ ಬಿದ್ದ ಆಕೃತಿಗಳನ್ನೇ ತುರುಕಬೇಕಾಗುತ್ತದೆ. ಪಾರ್ಥೆನಾನಿನ ಶಿಲ್ಪಿಗಳು ಆ ಇಕ್ಕಟ್ಟನ್ನೇ ಕ್ಷಿತಿಜವಾಗಿಸಿದರು. ಎಡಮೂಲೆಯಲ್ಲಿ ಕಡಲೊಳಗಿಂದ ಹೀಲಿಯೋಸ್ ಏಳುತ್ತಿದ್ದಾನೆ. ಮೇಲೆ ಬಂದಿರುವುದು ಕತ್ತು, ಹೆಗಲು, ಮುಂಚಾಚಿದ ತೋಳುಗಳು ಮಾತ್ರ, ಉಳಿದ ಮೈಯೆಲ್ಲ ಇನ್ನೂ ನೀರಿನಡಿ. ಹೆಗಲಿನ ಸುತ್ತ ಅಮೃತಶಿಲೆಯಲ್ಲೇ ಸಣ್ಣ ಅಲೆಗಳನ್ನು ಕೆತ್ತಿದ್ದಾರೆ. ತೋಳಿನ ಸ್ನಾಯುಗಳ ಸೆಳೆತವನ್ನು ನೋಡಿದರೆ, ಲಗಾಮು ಇಂದು ಕಾಣದಿದ್ದರೂ ಆ ಕೈಗಳು ಏನನ್ನು ಎಳೆದು ಹಿಡಿದಿದ್ದವೆಂಬುದು ತಿಳಿಯುತ್ತದೆ. ಅವನ ಮುಂದೆ ಕುದುರೆಗಳ ತಲೆಗಳು ನೀರನ್ನು ಸೀಳಿ ಮೇಲಕ್ಕೆ ಚಿಮ್ಮುತ್ತಿವೆ. ಬಲಮೂಲೆಯಲ್ಲಿ ಚಂದ್ರದೇವತೆ ಸೆಲೀನಿಯ ರಥ ಮುಳುಗುತ್ತಿದೆ. ಆ ರಥದ ಕುದುರೆಗಳಲ್ಲಿ ಒಂದರ ತಲೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ: ಉಬ್ಬಿದ ಕಣ್ಣು, ಅರಳಿದ ಮೂಗಿನ ಹೊಳ್ಳೆ, ಕೆನ್ನೆಯ ಮೇಲೆ ಎದ್ದು ನಿಂತ ನರ. ದವಡೆ ಜೋತು ಬಿದ್ದಿದೆ. ದೇವಾಲಯದಲ್ಲಿದ್ದಾಗ ಅದು ಕಟ್ಟಡದ ಅಂಚನ್ನೂ ದಾಟಿ ಕೆಳಕ್ಕೆ ಇಳಿದಿತ್ತು. ರಾತ್ರಿಯಿಡೀ ಓಡಿ ದಣಿದ ಕುದುರೆ ಅದು. ಒಂದು ಮೂಲೆಯಲ್ಲಿ ಹುರುಪು, ಇನ್ನೊಂದು ಮೂಲೆಯಲ್ಲಿ ಆಯಾಸ. ನಡುವೆ ಒಂದು ಮುಂಜಾವು, ಅದರಲ್ಲಿ ಒಂದು ದೇವತೆಯ ಜನನ. ಗ್ರೀಕ್ ಶಿಲ್ಪಿಗಳು ಬಿಂಬದ ಹೊಳಪನ್ನು ಬಿಟ್ಟು ಹೊತ್ತಿನ ಚಲನೆಯನ್ನು ಹೇಗೆ ಕೆತ್ತಿದರು ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅದೇ ಮ್ಯೂಸಿಯಂನಲ್ಲಿ ಹೆಚ್ಚುಕಡಿಮೆ ಅದೇ ಕಾಲದ, ದ್ರಾಕ್ಷಾರಸಕ್ಕೆ ನೀರು ಬೆರೆಸಲು ಬಳಸುತ್ತಿದ್ದ ದೊಡ್ಡ ಮಣ್ಣಿನ ಪಾತ್ರೆಯೊಂದಿದೆ. ಕಪ್ಪು ನೆಲದ ಮೇಲೆ ಕೆಂಪು ಆಕೃತಿಗಳು. ಹೀಲಿಯೋಸನ ರಥ ಮೇಲೇರುತ್ತಿದ್ದಂತೆ ಅವನ ಮುಂದೆ ಬೆತ್ತಲೆ ಹುಡುಗರು ಒಬ್ಬರ ಹಿಂದೊಬ್ಬರು ಕಡಲಿಗೆ ಧುಮುಕುತ್ತಿದ್ದಾರೆ. ಅವರೇ ನಕ್ಷತ್ರಗಳು. ಸೂರ್ಯ ಬರುತ್ತಿದ್ದಾನೆಂದು ತಿಳಿದೊಡನೆ, ಬೇಸಿಗೆಯಲ್ಲಿ ಕೆರೆಯ ಏರಿಯಿಂದ ಹಾರುವ ಹುಡುಗರಂತೆ, ಅವರು ನೀರಿಗೆ ಬೀಳುತ್ತಾರೆ. ನಕ್ಷತ್ರಗಳು ಮರೆಯಾದವು ಎಂಬ ಸರಳ ಸಂಗತಿಯನ್ನು ಹೀಗೆ ಕಂಡ ಚಿತ್ರ ಇನ್ನೊಂದು ನನಗೆ ಗೊತ್ತಿಲ್ಲ.

ತಲೆಯ ಸುತ್ತಲಿನ ಕಿರಣಗಳ ಕಿರೀಟಕ್ಕೆ ದೊಡ್ಡ ಪ್ರಚಾರ ಸಿಕ್ಕಿದ್ದು ರೋಡ್ಸ್ ದ್ವೀಪದಿಂದ. ಗ್ರೀಸಿನ ಹೆಚ್ಚಿನ ಊರುಗಳಲ್ಲಿ ಹೀಲಿಯೋಸನಿಗೆ ವಿಶೇಷ ಪೂಜೆ ಇರಲಿಲ್ಲ. ರೋಡ್ಸ್‌ನಲ್ಲಿ ಮಾತ್ರ ಅವನೇ ಊರದೇವರು. ಪ್ರತಿ ವರ್ಷ ಅಲ್ಲಿಯವರು ನಾಲ್ಕು ಕುದುರೆಗಳ ರಥವೊಂದನ್ನು ಅವನಿಗೆಂದು ಕಡಲಿಗೆ ಅರ್ಪಿಸುತ್ತಿದ್ದರೆಂದು ರೋಮನ್ ಲೇಖಕ ಫೆಸ್ಟಸ್ ಬರೆದಿದ್ದಾನೆ. ಅವರ ನಾಣ್ಯಗಳ ಒಂದು ಬದಿಯಲ್ಲಿ ಗಾಳಿಗೆ ಕೆದರಿದ ಕೂದಲಿನ ಹೀಲಿಯೋಸನ ಮುಖ, ಇನ್ನೊಂದು ಬದಿಯಲ್ಲಿ ಗುಲಾಬಿ. ಗ್ರೀಕಿನಲ್ಲಿ ಗುಲಾಬಿಗೆ ‘ರೋದೋನ್’ ಎನ್ನುತ್ತಾರಾದ್ದರಿಂದ ಅದು ಊರ ಹೆಸರಿನದೇ ಗುರುತು. ಕ್ರಿ.ಪೂ. 305ರಲ್ಲಿ ಡಿಮೀಟ್ರಿಯಸ್ ಎಂಬ ಅರಸ ಹಾಕಿದ ಮುತ್ತಿಗೆಯನ್ನು ಒಂದು ವರ್ಷ ತಡೆದು ಗೆದ್ದ ಜನ, ಅವನು ಬಿಟ್ಟುಹೋದ ಯುದ್ಧಸಾಮಗ್ರಿಯನ್ನು ಮಾರಿ, ಆ ಹಣದಿಂದ ಹೀಲಿಯೋಸನ ಕಂಚಿನ ಮಹಾಮೂರ್ತಿಯನ್ನು ನಿಲ್ಲಿಸಿದರು. ಶಿಲ್ಪಿ ಲಿಂಡೋಸ್ ಊರಿನ ಖಾರೆಸ್, ಎತ್ತರ ಸುಮಾರು 33 ಮೀಟರ್. ಕ್ರಿ.ಪೂ. 226ರ ಭೂಕಂಪದಲ್ಲಿ ಅದು ಮುರಿದುಬಿತ್ತು. ಬಿದ್ದ ಮೂರ್ತಿಯ ಹೆಬ್ಬೆರಳನ್ನೇ ತೋಳಿನಲ್ಲಿ ತಬ್ಬಬಲ್ಲವರು ಕೆಲವರು ಮಾತ್ರ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಬಂದರಿನ ಎರಡು ದಡಗಳ ಮೇಲೆ ಕಾಲಿಟ್ಟು ನಿಂತ, ನಡುವೆ ಹಡಗುಗಳು ಹಾಯುವ ಚಿತ್ರವನ್ನು ನೀವು ಎಲ್ಲಾದರೂ ಕಂಡಿರಬಹುದು. ಅದು ನೂರಾರು ವರ್ಷಗಳ ನಂತರದವರ ಕಲ್ಪನೆ, ಅಂಥ ಮೂರ್ತಿ ಇದ್ದದ್ದಿಲ್ಲ. ಆ ಕಾಲದ ಕಿರಣಕಿರೀಟವನ್ನು ಕಣ್ಣಾರೆ ಕಾಣಬೇಕೆಂದರೆ ಟ್ರಾಯ್ ಊರಿನ ಅಥೀನಾ ದೇವಾಲಯದ ಉಬ್ಬುಶಿಲ್ಪವನ್ನು ನೋಡಬೇಕು; ಹೈನ್‌ರಿಶ್ ಶ್ಲೀಮನ್ 1872ರಲ್ಲಿ ಅಗೆದು ತೆಗೆದ ಅದು ಈಗ ಬರ್ಲಿನ್ನಿನ ಸಂಗ್ರಹದಲ್ಲಿದೆ. ನಾಲ್ಕು ಕುದುರೆಗಳು ನೆಗೆಯುತ್ತಿವೆ, ಹಿಂದೆ ಹೀಲಿಯೋಸನ ತಲೆಯಿಂದ ಕಿರಣಗಳು ಹೊರಟಿವೆ.

ಇಷ್ಟು ಬೇರೆಬೇರೆಯಾಗಿದ್ದವರು ಒಂದಾದದ್ದು ಹೇಗೆ? ಇದು ಒಂದು ದಿನದಲ್ಲಿ ಆದದ್ದಲ್ಲ. ಅಪೋಲೊನಿಗೆ ‘ಫೀಬಸ್’ ಎಂಬ ಬಿರುದಿತ್ತು, ಅದರ ಅರ್ಥ ಬೆಳಗುವವನು; ಮೊದಲ ಬಿರುಕು ಬಹುಶಃ ಅಲ್ಲೇ ಇತ್ತು. ಕ್ರಿ.ಪೂ. 5ನೇ ಶತಮಾನದಲ್ಲಿ ನಾಟಕಕಾರ ಯೂರಿಪಿಡೀಸನ, ಈಗ ತುಣುಕುಗಳಲ್ಲಿ ಮಾತ್ರ ಉಳಿದಿರುವ ಒಂದು ನಾಟಕದಲ್ಲಿ ಸೂರ್ಯನನ್ನು ಅಪೋಲೊ ಎಂದು ಕರೆಯುವ ಮಾತು ಬರುತ್ತದೆ. ಕವಿಗಳೂ ತತ್ತ್ವಜ್ಞಾನಿಗಳೂ ಮುಂದೆ ಆ ದಾರಿಯನ್ನೇ ಹಿಡಿದರು. ಶಿಲ್ಪಿಗಳು ಮಾತ್ರ ಬಹುಕಾಲ ಹಿಂದೇಟು ಹಾಕಿದರು. ಈ ಬೆಸುಗೆಗೆ ರಾಜಕೀಯದ ಬಲ ಬಂದದ್ದು ರೋಮಿನಲ್ಲಿ. ಅಗಸ್ಟಸ್ ಚಕ್ರವರ್ತಿ ತನ್ನ ಇಷ್ಟದೈವವಾದ ಅಪೋಲೊನಿಗೆ ಪ್ಯಾಲಟೈನ್ ಬೆಟ್ಟದ ಮೇಲೆ ಕಟ್ಟಿಸಿದ ದೇವಾಲಯವನ್ನು ಕ್ರಿ.ಪೂ. 28ರಲ್ಲಿ ಪ್ರತಿಷ್ಠೆ ಮಾಡಿಸಿದ. ಅದರ ಶಿಖರದ ಮೇಲೆ ನಿಂತಿದ್ದದ್ದು ಸೂರ್ಯನ ರಥ ಎಂದು ಕವಿ ಪ್ರೊಪರ್ಷಿಯಸ್ ವರ್ಣಿಸಿದ್ದಾನೆ. ಒಳಗೆ ಅಪೋಲೊ, ಮೇಲೆ ಸೂರ್ಯ: ಎರಡು ಹೆಸರುಗಳು ಒಂದೇ ಚಾವಣಿಯನ್ನು ಹಂಚಿಕೊಂಡವು. ಪ್ರೀಮಾ ಪೋರ್ತಾದಲ್ಲಿ ಸಿಕ್ಕಿದ ಅಗಸ್ಟಸನ ಪ್ರಸಿದ್ಧ ಮೂರ್ತಿಯ ಎದೆಗವಚದಲ್ಲಿಯೂ ಸೂರ್ಯ ರಥವೇರಿ ಬರುತ್ತಿದ್ದಾನೆ, ಕೆಳಗಡೆ ಅಪೋಲೊ ಬೇರೆಯಾಗಿಯೇ ಇದ್ದಾನೆ; ಇಬ್ಬರೂ ಹತ್ತಿರ ಬಂದಿದ್ದಾರೆ, ಒಂದಾಗಿಲ್ಲ.

ಆಮೇಲಿನ ರೋಮನ್ ಸೂರ್ಯ, ಲ್ಯಾಟಿನ್ನಿನಲ್ಲಿ ‘ಸೋಲ್’, ಇನ್ನೊಂದು ಬಗೆಯ ಕೈಯವನು. ಕ್ರಿ.ಶ. 274ರಲ್ಲಿ ಆರೇಲಿಯನ್ ಚಕ್ರವರ್ತಿ ‘ಸೋಲ್ ಇನ್ವಿಕ್ಟಸ್’, ಅಂದರೆ ಅಜೇಯ ಸೂರ್ಯ, ಎಂಬ ಹೆಸರಿನಲ್ಲಿ ಅವನಿಗೆ ರೋಮಿನಲ್ಲಿ ದೇವಾಲಯ ಕಟ್ಟಿಸಿದ. ಈ ಕಾಲದ ನಾಣ್ಯಗಳಲ್ಲಿ ಅವನು ಬಲಗೈಯನ್ನು ಮೇಲೆತ್ತಿದ್ದಾನೆ, ಎಡಗೈಯಲ್ಲಿ ಭೂಗೋಲ ಹಿಡಿದಿದ್ದಾನೆ. ಲಗಾಮು ಹಿಡಿದು ದುಡಿಯುತ್ತಿದ್ದ ಕೈ ಈಗ ಅಪ್ಪಣೆ ಕೊಡುವ ಕೈಯಾಗಿದೆ. ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರಿಗೆ ಆಶ್ರಯ ಕೊಟ್ಟ ಮೇಲೂ, 325ರ ಸುಮಾರಿನವರೆಗೆ, ಅವನ ನಾಣ್ಯಗಳಲ್ಲಿ ಈ ಸೂರ್ಯ ಅರಸನ ಸಂಗಾತಿಯಾಗಿ ಉಳಿದಿದ್ದ. ಸೇಂಟ್ ಪೀಟರ್ ಚರ್ಚಿನ ನೆಲದಡಿ ಇರುವ ಹಳೆಯ ಸಮಾಧಿಯೊಂದರ ಚಾವಣಿಯಲ್ಲಿ ದ್ರಾಕ್ಷಿಬಳ್ಳಿಯ ಎಲೆಗಳ ನಡುವೆ, ಹೊಂಬಣ್ಣದ ನೆಲದ ಮೇಲೆ, ತಲೆಯಿಂದ ಕಿರಣ ಹೊರಟ, ಕೈಯಲ್ಲಿ ಗೋಲ ಹಿಡಿದ ರಥಿಕನ ಮೊಸಾಯಿಕ್ ಇದೆ. ಉಳಿದ ಚಿತ್ರಗಳ ಆಧಾರದಿಂದ ಹೆಚ್ಚಿನ ವಿದ್ವಾಂಸರು ಅವನನ್ನು ಸೂರ್ಯರೂಪದ ಕ್ರಿಸ್ತ ಎಂದೇ ಗುರುತಿಸುತ್ತಾರೆ. ಇಸ್ರೇಲಿನ ಬೇತ್ ಆಲ್ಫಾದಲ್ಲಿ 6ನೇ ಶತಮಾನದ ಯಹೂದಿ ಪ್ರಾರ್ಥನಾಮಂದಿರದ ನೆಲದ ಮೇಲೆ ಕೂಡ, ಹನ್ನೆರಡು ರಾಶಿಗಳ ಚಕ್ರದ ನಡುವೆ, ನಾಲ್ಕು ಕುದುರೆಗಳ ಸೂರ್ಯ ನೇರ ನಮ್ಮನ್ನು ನೋಡುತ್ತಿದ್ದಾನೆ. ಮೂರು ಮತಗಳು ಒಂದೇ ಚಿತ್ರವನ್ನು ತಮ್ಮದಾಗಿಸಿಕೊಂಡವೆಂಬುದು ಸಣ್ಣ ಸಂಗತಿಯಲ್ಲ.

ಮಧ್ಯಯುಗವನ್ನು ಇಲ್ಲಿ ದಾಟಿ ಹೋಗುತ್ತೇನೆ. ಇಟಲಿಯ ನವೋದಯ ಕಾಲದ ಚಿತ್ರಕಾರರಿಗೆ ಪುರಾಣ ಸಿಕ್ಕಿದ್ದು ಮುಖ್ಯವಾಗಿ ಲ್ಯಾಟಿನ್ ಕವಿ ಓವಿಡ್‌ನಿಂದ. ಅವನ ‘ಮೆಟಮಾರ್ಫಸಿಸ್’ ಕಾವ್ಯದಲ್ಲಿ ಸೂರ್ಯನಿಗೆ ಫೀಬಸ್ ಎಂಬ ಹೆಸರೇ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ಅವರ ಕುಂಚದಲ್ಲಿ ಹೀಲಿಯೋಸನ ರಥವನ್ನು ಅಪೋಲೊ ಏರಿದ. ಇದು ಎಷ್ಟು ಸಹಜವಾಗಿ ಆಯಿತೆಂಬುದನ್ನು ಒಂದು ಚಿತ್ರದಿಂದ ತೋರಿಸುತ್ತೇನೆ. ಸ್ಪೇನಿನ ವೆಲಾಸ್ಕೆತ್ 1630ರಲ್ಲಿ ರೋಮಿನಲ್ಲಿದ್ದಾಗ ಬರೆದ ‘ವಲ್ಕನನ ಕುಲುಮೆ’ ಮ್ಯಾಡ್ರಿಡ್ಡಿನ ಪ್ರಾದೊ ಸಂಗ್ರಹಾಲಯದಲ್ಲಿದೆ. ಕಥೆ ಹೋಮರನಷ್ಟು ಹಳೆಯದು: ಕಮ್ಮಾರ ದೇವರ ಹೆಂಡತಿ ಯುದ್ಧದೇವನೊಡನೆ ಕೂಡಿರುವುದನ್ನು ಎಲ್ಲವನ್ನೂ ಕಾಣುವ ಸೂರ್ಯ ಕಂಡು ಗಂಡನಿಗೆ ಬಂದು ಹೇಳುತ್ತಾನೆ. ಹೇಳುವವನು ಹೀಲಿಯೋಸ್ ಎಂಬುದರಲ್ಲಿ ಸಂಶಯವಿಲ್ಲ. ಆದರೆ ವೆಲಾಸ್ಕೆತ್ ಬರೆದಿರುವ ಯುವಕನ ತಲೆಯ ಮೇಲೆ ಲಾರೆಲ್ ಎಲೆಗಳ ಮಾಲೆಯಿದೆ. ಅದು ಅಪೋಲೊನ ಗುರುತು. ಆ ಮಾಲೆಯ ಸುತ್ತಲೇ ಕಿರಣಗಳ ಪ್ರಭೆಯಿದೆ. ಅದು ಹೀಲಿಯೋಸನದು. ಕಿತ್ತಳೆ ಬಣ್ಣದ ಮೇಲುದ ಹೊದ್ದು, ಬೆರಳೆತ್ತಿ ಅವನು ಮಾತಾಡುತ್ತಿದ್ದಾನೆ. ಕಮ್ಮಾರರು ಹಿಡಿದ ಕೆಲಸ ಹಿಡಿದಂತೆಯೇ ನಿಂತುಹೋಗಿದ್ದಾರೆ, ಒಬ್ಬನ ಬಾಯಿ ತೆರೆದೇ ಇದೆ. ಅಡಿಗಲ್ಲಿನ ಮೇಲೆ ಕೆಂಪಗೆ ಕಾದ ಕಬ್ಬಿಣ, ಬಾಗಿಲ ಬಳಿ ಬೆಳಗುವ ದೇವರು, ಹಿಂದೆ ಕುಲುಮೆಯ ಬೆಂಕಿ: ಒಂದೇ ಕೋಣೆಯಲ್ಲಿ ಹಲವು ಬಗೆಯ ಬೆಳಕು. ಸೂರ್ಯನ ಬೆಳಕು ಈ ಚಿತ್ರದಲ್ಲಿ ಮುಚ್ಚಿಟ್ಟದ್ದನ್ನು ಬಯಲಿಗೆಳೆಯುವ ಬೆಳಕು. ವಲ್ಕನನ ಮುಖ ಹಿಂಡಿರುವುದು ಅದನ್ನು ತಾಳಲಾರದೆ.

ಲಗಾಮು ಹಿಡಿದ ಕೈಯ ಕಥೆಗೆ ಮತ್ತೆ ಬರುತ್ತೇನೆ. ಸೂರ್ಯ ಸ್ವತಃ ರಥ ಹೊಡೆಯುವವನಾದ್ದರಿಂದಲೇ ಗ್ರೀಕರಲ್ಲಿ ಫೇಥಾನನ ಕಥೆ ಹುಟ್ಟಲು ಸಾಧ್ಯವಾಯಿತು. ತಾನು ಸೂರ್ಯನ ಮಗನೆಂಬುದಕ್ಕೆ ಸಾಕ್ಷಿಯಾಗಿ ಒಂದು ದಿನ ರಥವನ್ನು ತನಗೆ ಕೊಡೆಂದು ಹುಡುಗ ಕೇಳುತ್ತಾನೆ. ವರ ಕೊಟ್ಟ ತಂದೆ ಮಾತಿಗೆ ಕಟ್ಟುಬಿದ್ದು ಒಪ್ಪುತ್ತಾನೆ. ಕುದುರೆಗಳು ಹೊಸ ಕೈಯ ದುರ್ಬಲತೆಯನ್ನು ಗುರುತಿಸಿ ದಾರಿಬಿಟ್ಟು ಓಡುತ್ತವೆ, ಭೂಮಿ ಸುಡತೊಡಗುತ್ತದೆ, ಕೊನೆಗೆ ಜ್ಯೂಸ್ ಸಿಡಿಲೆಸೆದು ಅವನನ್ನು ಕೆಡವುತ್ತಾನೆ. ಮೈಕೆಲೇಂಜೆಲೊ 1533ರ ಸುಮಾರಿಗೆ ತನ್ನ ಗೆಳೆಯ ತೊಮ್ಮಾಸೊ ಕವಲಿಯೇರಿಗಾಗಿ ಈ ವಸ್ತುವನ್ನು ಸೀಮೆಸುಣ್ಣದಲ್ಲಿ ಮೂರು ಬಾರಿ ಬರೆದ. ಮೂರರಲ್ಲಿ ಪರಿಪೂರ್ಣವಾದದ್ದು ಇಂಗ್ಲೆಂಡಿನ ವಿಂಡ್ಸರ್ ಸಂಗ್ರಹದಲ್ಲಿದೆ: ತುದಿಯಲ್ಲಿ ಹದ್ದಿನ ಮೇಲೆ ಜ್ಯೂಸ್, ನಡುವೆ ತಲೆಕೆಳಗಾಗಿ ಉರುಳುವ ರಥ, ಹುಡುಗ, ನಾಲ್ಕು ಕುದುರೆ, ಕೆಳಗೆ ಅಳುತ್ತ ಮರವಾಗುತ್ತಿರುವ ಅಕ್ಕತಂಗಿಯರು. ರೂಬೆನ್ಸ್ 1604–05ರ ಸುಮಾರಿಗೆ ಬರೆದ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರಲ್ಲಿ ಚಿಟ್ಟೆಯ ರೆಕ್ಕೆಯ ಹೆಂಗಸರು ದಿಗಿಲುಬಿದ್ದು ಚದುರುತ್ತಿದ್ದಾರೆ. ಅವರು ‘ಹೋರೆ’ಗಳು, ಹೊತ್ತು ಮತ್ತು ಋತುಗಳನ್ನು ಕ್ರಮವಾಗಿ ನಡೆಸುವ ದೇವತೆಯರು. ಸೂರ್ಯನ ದಾರಿ ತಪ್ಪಿದೊಡನೆ ಹೊತ್ತುಗಳಿಗೇ ಕ್ರಮ ತಪ್ಪಿತು ಎಂಬುದನ್ನು ರೂಬೆನ್ಸ್ ಹಾಗೆ ಕಂಡಿದ್ದಾನೆ.

ನೀವು ರೋಮಿನಲ್ಲಿ ಕಂಡ ಹೆಂಗಳೆಯರೂ ಈ ಹೋರೆಗಳೇ. ಅಲ್ಲಿ ಅವರು ದಿಗಿಲುಬಿದ್ದಿಲ್ಲ. ಕೈಕೈ ಹಿಡಿದು, ಒಬ್ಬರ ಹೆಜ್ಜೆಗೆ ಇನ್ನೊಬ್ಬರು ಹೆಜ್ಜೆ ಕೂಡಿಸಿ ರಥದ ಜೊತೆಗೇ ಬರುತ್ತಿದ್ದಾರೆ. ಮುಂದೆ ಹೂ ಹಿಡಿದು ಹಾರುವವಳು ಔರೋರಾ, ಅಂದರೆ ಉಷೆ. ಚಿತ್ರದ ಹೆಸರೂ ಅವಳದೇ. ಕುದುರೆಗಳ ಮೇಲೆ ಪಂಜು ಹಿಡಿದು ಹಾರುವ ಮಗು ಬೆಳ್ಳಿಚುಕ್ಕಿ. ಅಪೋಲೊನ ಹಿಂದಿನಿಂದ ಹಳದಿ ಬೆಳಕು ಉಕ್ಕುತ್ತಿದ್ದರೆ, ಕೆಳಗಿನ ಕಡಲತೀರ ಇನ್ನೂ ನೀಲಿಗತ್ತಲಲ್ಲಿದೆ. ಲಗಾಮು ಅವನ ಕೈಯಲ್ಲಿದೆ, ಆದರೆ ಪಾರ್ಥೆನಾನಿನ ತೋಳುಗಳ ಸೆಳೆತವನ್ನು ನೆನೆದುಕೊಂಡು ಈ ಕೈಯನ್ನು ನೋಡಿ: ಇಲ್ಲಿ ಬಲಪ್ರಯೋಗವೇ ಇಲ್ಲ. ಕುದುರೆಗಳು ಮಾತು ಕೇಳುವ ಕುದುರೆಗಳು, ಸಾರಥಿ ಆತಂಕವಿಲ್ಲದವನು. ಸೂರ್ಯೋದಯ ಇಲ್ಲಿ ಒಂದು ಮೆರವಣಿಗೆ. ರೇನಿ ಇದನ್ನು ಚಾವಣಿಗೆ ತಕ್ಕಂತೆ ಓರೆಯಾಗಿ ಕಾಣಿಸದೆ, ಗೋಡೆಯ ಮೇಲಿನ ಚೌಕಟ್ಟು ಹಾಕಿದ ಚಿತ್ರವನ್ನೇ ಎತ್ತಿ ಚಾವಣಿಗೆ ಅಂಟಿಸಿದಂತೆ ಬರೆದ. ನಿಮ್ಮ ಕತ್ತು ನೋಯುವುದಕ್ಕೆ ಅದೂ ಒಂದು ಕಾರಣವಿರಬಹುದು. ಏಳು ವರ್ಷಗಳ ನಂತರ, 1621ರಲ್ಲಿ, ಗ್ವೆರ್ಚೀನೊ ಎಂಬವನು ಅದೇ ರೋಮಿನ ಲುದೊವೀಸಿ ಮನೆತನದ ತೋಟದ ಮನೆಯಲ್ಲಿ ಔರೋರಾಳನ್ನು ಮತ್ತೆ ಬರೆದ. ಅಲ್ಲಿ ಚಾವಣಿಯೇ ಒಡೆದು ಆಕಾಶ ತೆರೆದಂತಿದೆ, ಅವಳ ರಥ ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತದೆ, ಸೂರ್ಯ ಇನ್ನೂ ಬಂದೇ ಇಲ್ಲ. ಎರಡರಲ್ಲಿ ನಾನು ಹೆಚ್ಚು ಹೊತ್ತು ನಿಂತು ನೋಡಬಯಸುವುದು ಗ್ವೆರ್ಚೀನೊನದನ್ನು. ಆದರೆ ಮುಂಜಾವಿನ ಶಾಂತಿಯನ್ನು ಕಂಡವನು ರೇನಿ. ಆ ಮಾತನ್ನು ಒಪ್ಪಲೇಬೇಕು.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಈ ಸೂರ್ಯನನ್ನು ತನ್ನ ಲಾಂಛನ ಮಾಡಿಕೊಂಡ ಕಥೆ ಎಲ್ಲರಿಗೂ ಗೊತ್ತು. 1653ರಲ್ಲಿ, ಇನ್ನೂ ಹದಿನಾಲ್ಕರ ಹುಡುಗನಾಗಿದ್ದಾಗ, ರಾತ್ರಿಯಿಡೀ ನಡೆದ ನೃತ್ಯರೂಪಕದ ಕೊನೆಯಲ್ಲಿ ಅವನು ಉದಯಸೂರ್ಯನ ವೇಷದಲ್ಲಿ ಕುಣಿದಿದ್ದ. ವರ್ಸೈ ಉದ್ಯಾನದ ಕೊಳದಲ್ಲಿ ಜಾನ್ ಬಾಟಿಸ್ಟ್ ಟ್ಯೂಬಿ 1668ರಿಂದ 1670ರ ನಡುವೆ ಸೀಸದಲ್ಲಿ ಎರಕ ಹೊಯ್ದು ಚಿನ್ನದ ಲೇಪ ಕೊಟ್ಟ ಅಪೋಲೊ, ಪಾರ್ಥೆನಾನಿನ ಹೀಲಿಯೋಸನಂತೆಯೇ, ಅರ್ಧ ನೀರಿನಲ್ಲಿದ್ದುಕೊಂಡೇ ರಥ ಎಬ್ಬಿಸುತ್ತಿದ್ದಾನೆ. ಒಂದು ವಿಚಿತ್ರವನ್ನು ಮಾತ್ರ ಗಮನಿಸಿ: ಆ ಕೊಳ ಅರಮನೆಯ ಪಶ್ಚಿಮಕ್ಕಿದೆ, ರಥದ ಮುಖ ಅರಮನೆಯ ಕಡೆಗಿದೆ. ಅಂದರೆ ಈ ಸೂರ್ಯ ಪಶ್ಚಿಮದಲ್ಲಿ ಹುಟ್ಟಿ ಪೂರ್ವಕ್ಕೆ, ಅರಸನಿದ್ದ ಕಡೆಗೆ, ಹೊರಟಿದ್ದಾನೆ. ದಿಕ್ಕುಗಳಿಗಿಂತ ದೊರೆ ದೊಡ್ಡವನಾದ ಶಿಲ್ಪವದು.

ಇನ್ನು ನಾಲ್ಕು ಮತ್ತು ಏಳರ ಪ್ರಶ್ನೆ. ನಾಲ್ಕು ಎಂಬುದು ಗ್ರೀಕರ ಪಂದ್ಯದ ರಥದ ಲೆಕ್ಕ. ಒಲಿಂಪಿಯಾದಲ್ಲಿ ಅತಿ ಹೆಚ್ಚಿನ ಗೌರವ ನಾಲ್ಕು ಕುದುರೆಗಳನ್ನು ಸಾಲಾಗಿ ಕಟ್ಟಿ ಓಡಿಸುವ ಓಟಕ್ಕಿತ್ತು. ಅತ್ಯುತ್ತಮ ವಾಹನವನ್ನೇ ಅವರು ಸೂರ್ಯನಿಗೆ ಕೊಟ್ಟರು. ನಮ್ಮ ಏಳು ಋಗ್ವೇದದಿಂದ ಬಂದದ್ದು. ಸೂರ್ಯನ ರಥವನ್ನು ಹೊರುವ ಏಳು ಹರಿತ್‌ಗಳ, ಅಂದರೆ ಹೊಂಬಣ್ಣದ ಕುದುರೆಗಳ, ಮಾತು ಅಲ್ಲಿದೆ. ಎಣಿಕೆ ಬೇರೆಯಾದರೂ ಬೇರು ಹತ್ತಿರದ್ದು: ಭಾಷಾಶಾಸ್ತ್ರಜ್ಞರು ಸಂಸ್ಕೃತದ ಸೂರ್ಯ, ಗ್ರೀಕಿನ ಹೀಲಿಯೋಸ್, ಲ್ಯಾಟಿನ್ನಿನ ಸೋಲ್ ಈ ಮೂರನ್ನೂ ಒಂದೇ ಮೂಲದ ಪದಗಳೆನ್ನುತ್ತಾರೆ; ಉಷಸ್, ಈಯೋಸ್, ಔರೋರಾ ಇವೂ ಹಾಗೆಯೇ. ಪದಗಳ ನಂಟು ಇತಿಹಾಸಪೂರ್ವದ್ದು. ಚಿತ್ರಗಳು ಎದುರುಬದುರಾದದ್ದು ಬಹಳ ಈಚೆಗೆ, ವಾಯವ್ಯ ಗಡಿಯ ಆಚೆ. ಬ್ಯಾಕ್ಟ್ರಿಯಾವನ್ನು (ಇಂದಿನ ಉತ್ತರ ಅಫ್ಘಾನಿಸ್ತಾನದ ಸುತ್ತಲ ನಾಡು) ಆಳಿದ ಪ್ಲೇಟೊ ಎಂಬ ಗ್ರೀಕ್ ಅರಸನ ನಾಣ್ಯಗಳಲ್ಲಿ ರಥವೇರಿದ ಹೀಲಿಯೋಸ್ ಇದ್ದಾನೆ. ಕುಷಾಣ ಕನಿಷ್ಕನ ಮೊದಲ ನಾಣ್ಯಗಳಲ್ಲಿ ಪ್ರಭೆಯುಳ್ಳ ದೇವರ ಪಕ್ಕದಲ್ಲಿ ಗ್ರೀಕಿನಲ್ಲಿ ‘ಹೀಲಿಯೋಸ್’ ಎಂದಿದೆ. ಸ್ವಲ್ಪ ಕಾಲದಲ್ಲೇ ಅದೇ ಆಕೃತಿಯ ಪಕ್ಕದಲ್ಲಿ ‘ಮೀಯಿರೊ’ ಎಂಬ ಇರಾನೀ ಹೆಸರು ಬಂತು. ಆಕೃತಿ ನಿಂತಲ್ಲೇ ನಿಂತಿತ್ತು, ಹೆಸರು ಮಾತ್ರ ಬದಲಾಯಿತು.

ನಿಮ್ಮ ಪ್ರಶ್ನೆಗೆ ನೇರವಾಗಿ ಎದುರಾಗುವ ಶಿಲ್ಪವೊಂದು ಬೋಧಗಯೆಯಲ್ಲಿದೆ. ಅಲ್ಲಿಯ ಪ್ರಾಚೀನ ಕಲ್ಲಿನ ಬೇಲಿಯ ಮೇಲಿನ ಸೂರ್ಯನಿಗೆ ಕುದುರೆಗಳು ನಾಲ್ಕೇ; ಎರಡು ಎಡಕ್ಕೆ, ಎರಡು ಬಲಕ್ಕೆ ಜಿಗಿಯುತ್ತಿವೆ. ಗ್ರೀಕ್ ಲೋಕದಲ್ಲಿ ಎದುರಿನಿಂದ ಕಾಣುವ ರಥವನ್ನು ತೋರಿಸುವ ಬಗೆ ಇದೇ. ಬೇತ್ ಆಲ್ಫಾದ ನೆಲದ ಮೇಲೆ ಕಂಡದ್ದೂ ಇದನ್ನೇ. ಆದ್ದರಿಂದ ಅನೇಕ ವಿದ್ವಾಂಸರು ಇಲ್ಲಿ ಪಶ್ಚಿಮದ ಮಾದರಿಯ ಪ್ರಭಾವವನ್ನು ಕಾಣುತ್ತಾರೆ, ನನಗೂ ಅದು ಸರಿಯೆನಿಸುತ್ತದೆ. ಆದರೆ ರಥದ ಇಕ್ಕೆಲಗಳಲ್ಲಿ ಬಿಲ್ಲಿಗೆ ಬಾಣ ಹೂಡಿ ಕತ್ತಲನ್ನು ಅಟ್ಟುವ ಇಬ್ಬರು ಹೆಂಗಸರು ನಮ್ಮವರು, ಉಷೆ ಮತ್ತು ಪ್ರತ್ಯುಷೆ. ಹೂ ಹಿಡಿದು ಬರುವ ಔರೋರಾಳ ಪಕ್ಕದಲ್ಲಿ ಇವರನ್ನು ನಿಲ್ಲಿಸಿ ನೋಡಿ. ಬೆಳಗನ್ನು ತರುವ ಎರಡು ರೀತಿಗಳು ಕಾಣುತ್ತವೆ.

ಮುಂದೆ ನಮ್ಮ ಶಿಲ್ಪಿಗಳು ಏಳು ಕುದುರೆಗಳನ್ನು ನೆಲೆಗೊಳಿಸಿದರು, ಅವುಗಳ ಜೊತೆಗೆ ಅರುಣನನ್ನೂ ತಂದು ಕೂರಿಸಿದರು. ಫೇಥಾನನಂಥ ಕಥೆ ನಮ್ಮ ಸೂರ್ಯನ ಸುತ್ತ ಬೆಳೆಯದಿರಲು ಇದೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ: ಲಗಾಮು ಸಾರಥಿಯ ಕೈಯಲ್ಲಿರುವಾಗ ಮಗ ತಂದೆಯನ್ನು ಕೇಳಿ ಪಡೆಯುವಂಥದ್ದು ಅಲ್ಲಿ ಏನೂ ಇಲ್ಲ. 6ನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಸೂರ್ಯನಿಗೆ ಉತ್ತರದೇಶದ ಉಡುಪನ್ನು ವಿಧಿಸುತ್ತಾನೆ; ಉತ್ತರ ಭಾರತದ ಸೂರ್ಯನ ಕಾಲಿನಲ್ಲಿ ಮೊಣಕಾಲೆತ್ತರದ ಪಾದರಕ್ಷೆ ಬಂದದ್ದು ಆ ಸಂಪ್ರದಾಯದಿಂದ. ದಕ್ಷಿಣಕ್ಕೆ ಬಂದ ಸೂರ್ಯ ಅದನ್ನು ಕಳಚಿಟ್ಟ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ನಂದಿಮಂಟಪದ ಹಿಂದೆ, ಪೂರ್ವಕ್ಕೆ, ಸೂರ್ಯನ ಗುಡಿಯಿದೆ. ಮತ್ತೆ ಹೋದಾಗ ನಂದಿಯನ್ನು ನೋಡಿ ಹಿಂದಿರುಗಬೇಡಿ, ಆ ಕಡೆಗೂ ಹೋಗಿ. ಹೊಯ್ಸಳ ಶಿಲ್ಪಗಳ ಸೂರ್ಯ ಬರಿಗಾಲಿನಲ್ಲಿ ನೆಟ್ಟಗೆ ನಿಲ್ಲುತ್ತಾನೆ. ಕುದುರೆಗಳನ್ನು ಅರುಣ ನೋಡಿಕೊಳ್ಳುವುದರಿಂದ ಅವನ ಎರಡು ಕೈಗಳೂ ಖಾಲಿ, ಆ ಎರಡರಲ್ಲೂ ಅರಳಿದ ಕಮಲಗಳಿರುತ್ತವೆ.